ಲ ಅಲ್ಲ, ಳ

ಮೊನ್ನೆ ಮಗಳಿಗೆ ಲಸಿಕೆ ಹಾಕಿಸಲು ಕ್ಲಿನಿಕ್ಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿಕೊಂಡು "ಲ್ಲಾ... ಲ್ಲಾ ಅಂತ ಯಾರು?" ಎಂದು ಕೂಗಿದಳು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಪಾಪ, ಯಾರ ಮಗುವೋ, ಇದೆಂಥ ಹೆಸರಿಟ್ಟಿದ್ದಾರೋ ಅಂದುಕೊಂಡು ಕೂತಿದ್ದೆ. ಮೂರನೇ ಸಲ ಕೂಗಿದಾಗ ಹೊಳೆಯಿತು. ಅದು ನನ್ನದೇ ಮಗು.

ಇಂಗ್ಲಿಷಿನ ದೊಡ್ಡ ಐ ಮತ್ತು ಚಿಕ್ಕ ಎಲ್ ಕಂಪ್ಯೂಟರಿನ ಎಷ್ಟೋ ಅಚ್ಚುಗಳಲ್ಲಿ ಒಂದೇ ಥರ ಕಾಣುತ್ತವೆ. ಎರಡೂ ಒಂದೊಂದು ನೆಟ್ಟಗಿನ ಕಡ್ಡಿ. ಐ-ಎಲ್-ಎ ಅನ್ನುವುದು ಅವಳ ಕಣ್ಣಿಗೆ ಎಲ್-ಎಲ್-ಎ ಆಗಿ ಕಂಡಿದೆ. ಅವಳ ತಪ್ಪೇನೂ ಇಲ್ಲ.

ಮಗಳ ಹೆಸರು ಇಳಾ. ಹೆಸರಿಟ್ಟು ಮೂರು ವರ್ಷ ಆಯಿತು. ಅಷ್ಟರಲ್ಲಿ ನಾನು ಕೇಳಿರುವುದು ಇಳಾ, ಇಲಾ, ಈಲಾ, ಐಲಾ, ಇಲ್ಲಾ, ಎಲಾ. ಈಗ ಲ್ಲಾ. ಎರಡೇ ಅಕ್ಷರದ ಹೆಸರು ಸ್ವಾಮಿ ಇದು.

ತಮಾಷೆ ಏನಂದರೆ, ಯಾರ ಬಾಯಿಗೆ ಸಿಕ್ಕಿದರೂ ಕೆಡದಂಥ ಹೆಸರೇ ಬೇಕು ಅಂತ ಹಟ ಹಿಡಿದವಳು ನಾನು.

ಆ ಹಟಕ್ಕೆ ಕಾರಣ ನನ್ನ ಹೆಸರು. ನಾನು ಪ್ರಜ್ಞಾ. ಧಾರವಾಡದಲ್ಲಿ ನಮ್ಮ ಮನೆಯ ಪಕ್ಕ ಒಂದು ಮರಾಠಿ ಮನೆ ಇತ್ತು. ಆ ಮನೆಯ ಕಾಕು ನನ್ನನ್ನು ‘ಪ್ರದ್ನ್ಯಾ’ ಅಂತ ಕರೆಯುತ್ತಿದ್ದರು. ಮರಾಠಿ ಬಾಯಲ್ಲಿ ಜ್ಞ ಅಂದರೆ ದ್ನ್ಯ. ಅಲ್ಲಿ ಜ್ಞಾನೇಶ್ವರರು ದ್ನ್ಯಾನೇಶ್ವರ. ನಮ್ಮ ಮನೆಯಲ್ಲಿ, ಕನ್ನಡ ಮಾಸ್ತರ ಬಾಯಲ್ಲಿ ನಾನು ‘ಪ್ರಗ್ನ್ಯಾ’. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದೆ, ಹಿಂದಿಯ ಸಹೋದ್ಯೋಗಿಗಳು ‘ಪ್ರಗ್ಯಾ’ ಮಾಡಿದರು. ಇಂಗ್ಲಿಷ್ ಅಕ್ಷರ ನೋಡಿ ಓದುವ ಕಾಲ್ ಸೆಂಟರಿನವರು ‘ಪ್ರಜ್’ ಅಂದು, ಒಂದು ಉಸಿರು ಬಿಟ್ಟು, ‘ನಾ’ ಅನ್ನುತ್ತಾರೆ. ಹೈಸ್ಕೂಲಿನಲ್ಲಿ ಒಮ್ಮೆ ಪ್ರಬಂಧ ಸ್ಪರ್ಧೆಯ ಬಹುಮಾನ ಕೊಡುವಾಗ ವೇದಿಕೆಯ ಮೇಲಿಂದ ‘ಪ್ರಜಾ’ ಅಂತ ಕರೆದರು. ನಾನು ಪ್ರಜೆಯ ಹಾಗೆ ಕೂತೇ ಇದ್ದೆ. ಸ್ಟೀಲ್ ಡಬ್ಬಿ ಕೈಗೆ ಬಂದದ್ದು ಎಲ್ಲ ಮುಗಿದು ಶಾಮಿಯಾನ ಬಿಚ್ಚುವಾಗ.

ಇವೆಲ್ಲಕ್ಕೂ ತಿರುಗಿ ನೋಡುವುದು ನನಗೆ ಅಭ್ಯಾಸ ಆಗಿದೆ. ಆದರೆ ಅಭ್ಯಾಸ ಆಗಲು ಇಪ್ಪತ್ತು ವರ್ಷ ಹಿಡಿಯಿತು. ನನ್ನ ಮಗುವಿಗೆ ಈ ರಗಳೆ ಬೇಡ ಅನ್ನಿಸಿತ್ತು, ಅಷ್ಟೇ.

ಬಸುರಿಯಾಗಿದ್ದಾಗ ಒಂದು ನೋಟ್‌ಬುಕ್ ಇಟ್ಟಿದ್ದೆ. ನಾನು ಹೆಸರು ಬರೆಯುವುದು, ಇವರು ಹೊಡೆದು ಹಾಕುವುದು. ಇವರು ಮಂಡ್ಯದ ಕಡೆಯವರು. ‘ಹಿತಾ’ ಬರೆದರೆ, "ನಮ್ಮೂರಲ್ಲಿ ಅದು ಇತ ಆಯ್ತದೆ" ಅಂದರು. ಸರಿ, ಹಕಾರ ಬೇಡ. ‘ಮೇಘಾ’? ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಎಲ್ಲಿದೆ? ಅದು ಮೇಗ. ‘ಋತು’ ನನಗೆ ತುಂಬ ಹಿಡಿಸಿದ ಹೆಸರು. ನಮಗೆ ಅದು ರುತು, ಮರಾಠಿಯವರಿಗೂ ರುತು, ಹಿಂದಿಯವರಿಗೆ ರಿತು. ಅಮೃತಾ ಕತೆಯೂ ಅದೇ. ಇಂಗ್ಲಿಷಿನಲ್ಲಿ ಬರೆಯುವಾಗ ಆರ್ ಆದ ಮೇಲೆ ನಾವು ಯು ಹಾಕುತ್ತೇವೆ, ಅವರು ಐ ಹಾಕುತ್ತಾರೆ. ಆ ಒಂದೇ ಅಕ್ಷರ ನೋಡಿ ಹುಡುಗಿ ಯಾವ ಕಡೆಯವಳು ಅಂತ ಹೇಳಬಹುದು.

‘ಲತಾ’ ಸುಲಭ ಅಂದುಕೊಂಡೆ. ಅಲ್ಲೂ ಕಿತಾಪತಿ. ನಾವು ದಕ್ಷಿಣದವರು ತ ಅಂದರೆ ಟಿ-ಎಚ್ ಬರೆಯುತ್ತೇವೆ, ಯಾಕಂದರೆ ಬರೀ ಟಿ ನಮಗೆ ಟ. ಉತ್ತರದವರು ಟಿ-ಎಚ್ ನೋಡಿ ಥ ಓದುತ್ತಾರೆ. ಬರೀ ಟಿ ಹಾಕಿದರೆ ಹೊರದೇಶದಲ್ಲಿ ಲಟಾ. ಕೊನೆಗೆ ‘ರಮಾ’ ಬರೆದೆ. ಎರಡೂ ಸೀದಾ ಸಾದಾ ಅಕ್ಷರ. ಇಂಗ್ಲಿಷಿನಲ್ಲಿ ಹ್ರಸ್ವ ದೀರ್ಘ ಗೊತ್ತಾಗದೆ ಅದನ್ನು ‘ರಾಮ’ ಅಂತ ಓದುತ್ತಾರೆ ಎಂದು ಇವರೇ ತೋರಿಸಿದರು. ಹೆಣ್ಣು ಮಗು ಗಂಡು ದೇವರಾಯಿತು.

ಇಡೀ ನೋಟ್‌ಬುಕ್ಕಿನಲ್ಲಿ ಉಳಿದದ್ದು ‘ಮಾಯಾ’. ಯಾವ ದೇಶದವರೂ ತಪ್ಪಿಲ್ಲದೆ ಹೇಳುತ್ತಾರೆ. ಅತ್ತೆಗೆ ಹೇಳಿದೆವು. "ಮಾಯ ಆಗೋಗ್ಲಿ ಅಂತ ಯಾರಾದ್ರೂ ಮಗೀಗೆ ಹೆಸ್ರಿಡ್ತಾರಾ?" ಅಂದರು. ಅಲ್ಲಿಗೆ ಅದೂ ಮಾಯ.

ಮಗು ಹುಟ್ಟಿತು. ಪುರೋಹಿತರು ಪಂಚಾಂಗ ನೋಡಿ, "ಕೃತ್ತಿಕೆ, ಎರಡನೇ ಪಾದ. ಅಕ್ಷರ ಇ" ಅಂದರು. ನನಗೆ ಇದರಲ್ಲಿ ಅಷ್ಟೇನೂ ನಂಬಿಕೆ ಇಲ್ಲ. ಆದರೆ ನೋಟ್‌ಬುಕ್ ಖಾಲಿಯಾಗಿತ್ತು. ಒಂದು ಅಕ್ಷರ ಯಾರಾದರೂ ಕೊಟ್ಟರೆ ಹುಡುಕುವ ಜಾಗವಾದರೂ ಕಿರಿದಾಗುತ್ತದೆ ಅಲ್ವಾ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಪಾದ, ಪಾದಕ್ಕೊಂದು ಅಕ್ಷರ. ಆ ಪಟ್ಟಿ ನೋಡಿದರೆ ಗಾಬರಿಯಾಗುತ್ತದೆ. ಆರಿದ್ರೆಯ ಒಂದು ಪಾದಕ್ಕೆ ಙ ಇದೆ. ಹಸ್ತದ ಒಂದಕ್ಕೆ ಣ. ಉತ್ತರಾಭಾದ್ರದ ಒಂದಕ್ಕೆ ಞ. ಙ ಇಂದ ಶುರುವಾಗುವ ಹೆಸರು ಎಲ್ಲಿಂದ ತರೋದು? ಕೇಳಿದ್ದಕ್ಕೆ ಪುರೋಹಿತರು ನಕ್ಕು, "ಹತ್ತಿರದ್ದು ಯಾವುದೋ ಒಂದು ನೋಡ್ಕೋತೀವಿ" ಅಂದರು. ನಮಗೆ ಇ ಬಂದದ್ದು ಪುಣ್ಯ.

ಇಂದು, ಇಂಚರ, ಇಂಪನಾ, ಇಬ್ಬನಿ. ಇಬ್ಬನಿ ನನಗೆ ಈಗಲೂ ಇಷ್ಟ. ಆದರೆ ಅದು ಬೆಂಗಳೂರಿನಲ್ಲಿ ಒಂದೇ ವಾರದಲ್ಲಿ ‘ಇಬ್ಬು’ ಆಗುತ್ತದೆ ಅಂತ ಖಾತ್ರಿ ಇತ್ತು. ಆಗ ಅಪ್ಪ ಧಾರವಾಡದಿಂದ ಫೋನಿನಲ್ಲಿ ಹೇಳಿದರು: "ಇಳಾ ಅಂತ ಇಡ್ರಿ. ಇಳೆ ಅಂದ್ರ ಭೂಮಿ. ಕೂಸು ಗಟ್ಟಿ ಇರ್ತದ."

ಇಳಾ. ಬಾಯಲ್ಲಿ ಹೇಳಿ ನೋಡಿದೆ. ನಾಲಿಗೆ ಹಿಂದಕ್ಕೆ ಮಡಚಿಕೊಂಡು, ಅಂಗುಳಕ್ಕೆ ತಾಗಿ, ಬಿಟ್ಟುಕೊಳ್ಳುತ್ತದೆ. ಏನೋ ಒಂದು ಸುಖ ಇದೆ ಅದರಲ್ಲಿ. ನಾನು ಹಾಕಿಕೊಂಡಿದ್ದ ನಿಯಮ ಎಲ್ಲ ಆ ಒಂದು ಕ್ಷಣಕ್ಕೆ ಮರೆತೇ ಹೋಯಿತು. ಳ ಅನ್ನುವುದು ಹ, ಘ, ಋ ಎಲ್ಲಕ್ಕಿಂತ ದೊಡ್ಡ ತೊಡಕು ಅನ್ನುವುದು ಆಗ ನೆನಪಿಗೇ ಬರಲಿಲ್ಲ.

ನೆನಪು ಮಾಡಿಸಿದ್ದು ಅವ್ವ. "ಇಲಾ ಅಂದ್ರ ಸಾಲ್ಯಾಗ ಹುಡುಗೂರು ಇಲಿ ಅಂತಾವ. ಇಳಾ ಅಂದ್ರ ಇಳಿ ಅಂತಾವ. ಎರಡೂ ಬ್ಯಾಡ." ಮಂಡ್ಯದಲ್ಲಿ ಮಾವನದು ಬೇರೆ ಚಿಂತೆ. "ಬಸ್ಸಲ್ಲಿ ಕಂಡಕ್ಟ್ರು ಇಳೀ ಇಳೀ ಅಂದಾಗೆಲ್ಲ ಮಗ ಎದ್ದು ನಿಂತ್ಕತದೆ ಕಣವ್ವ." ಹೇಳಿ ಅವರೇ ನಕ್ಕರು. ನಕ್ಕ ಮೇಲೆ ಒಪ್ಪಿದ ಹಾಗೇ.

ತೊಟ್ಟಿಲ ಶಾಸ್ತ್ರ ಧಾರವಾಡದಲ್ಲಿ. ನಮ್ಮ ಕಡೆ ಹೆಸರಿಡುವುದು ಸೋದರತ್ತೆ. ಅಂದರೆ ನನ್ನ ನಾದಿನಿ. ಅವಳು ಅಮೆರಿಕದಿಂದ ಇದಕ್ಕಾಗಿಯೇ ಬಂದಿದ್ದಳು. ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂತ ಊದಿ ಹೆಸರು ಹೇಳಬೇಕು, ಹೇಳುವಾಗ ಸುತ್ತ ನಿಂತ ಹೆಂಗಸರು ಸೋದರತ್ತೆಯ ಬೆನ್ನಿಗೆ ಗುದ್ದಬೇಕು. ಈ ಗುದ್ದಿನ ವಿಷಯ ಯಾರೂ ಅವಳಿಗೆ ಮೊದಲೇ ಹೇಳಿರಲಿಲ್ಲ. ಅವರ ಮನೆಯಲ್ಲಿ ಈ ಪದ್ಧತಿ ಇಲ್ಲ. ಪಾಪ, ಬಗ್ಗಿ ಕಿವಿಗೆ ಬಾಯಿಟ್ಟಳು. ಬೆನ್ನ ಮೇಲೆ ಧಪಧಪ ನಾಲ್ಕು ಬಿದ್ದವು. ಬೆಚ್ಚಿಬಿದ್ದು ಎಲ್ಲರಿಗೂ ಕೇಳುವ ಹಾಗೆ "ಇಲಾ!" ಅಂದುಬಿಟ್ಟಳು.

ಅವ್ವ ತೊಟ್ಟಿಲ ಆ ಕಡೆಯಿಂದ ಕೂಗಿದಳು: "ಲ ಅಲ್ಲs, ಳ!"

ಮತ್ತೆ ಹೇಳಿಸಿದರು. ಮತ್ತೆ ಗುದ್ದಿದರು. ಎರಡನೇ ಸಲ ಸರಿಯಾಗಿ ಳ ಬಂತು. ಆದರೆ ಮಗುವಿನ ಕಿವಿಗೆ ಮೊದಲು ಬಿದ್ದದ್ದು ಲ. ಯಾರ್ಯಾರ ಬಾಯಿಂದ ಹೆಸರನ್ನು ಕಾಪಾಡಬೇಕು ಅಂತ ನಾನು ಒಂಬತ್ತು ತಿಂಗಳು ಲೆಕ್ಕ ಹಾಕಿದ್ದೆ. ಅದನ್ನು ಕೆಡಿಸುವ ಕೆಲಸ ಹೆಸರಿನ ಮೊದಲ ಕ್ಷಣದಲ್ಲೇ, ಮನೆಯವರ ಬಾಯಲ್ಲೇ ಮುಗಿದಿತ್ತು.

ಆ ರಾತ್ರಿ ಮಗು ಮಲಗಿದ ಮೇಲೆ ಅಪ್ಪನ ಹತ್ತಿರ ಕೂತು ಸ್ವಲ್ಪ ಗೊಣಗಿದೆ. ಅಪ್ಪ ಕನ್ನಡ ಮಾಸ್ತರಾಗಿದ್ದವರು. ಅವರಿಗೆ ಇಂಥದ್ದು ಸಿಕ್ಕರೆ ಹಬ್ಬ. "ಮೂಲದಾಗ ಯಾವುದು ಸರಿ ಅಂತ ಮಾಡಿದ್ದೀ?" ಅಂತ ಶುರು ಮಾಡಿದರು.

ಋಗ್ವೇದದಲ್ಲಿ ಈ ದೇವತೆ ಇಳಾ. ಸರಸ್ವತಿಯ ಜೊತೆಗೆ ಬರುವ ಮೂವರಲ್ಲಿ ಒಬ್ಬಳು. ಆದರೆ ಆ ಳ ಹುಟ್ಟಿದ್ದು ಡ ಇಂದ. ಎರಡು ಸ್ವರಗಳ ನಡುವೆ ಡ ಬಂದರೆ ಋಗ್ವೇದ ಓದುವವರು ಅದನ್ನು ಳ ಮಾಡುತ್ತಾರೆ. ಋಗ್ವೇದದ ಮೊಟ್ಟಮೊದಲ ಮಾತೇ ‘ಅಗ್ನಿಮೀಳೇ’, ಅದರಲ್ಲೇ ಈ ಳ ಇದೆ. ಯಜುರ್ವೇದದ ಕಡೆ ಹೋದರೆ ಅವಳೇ ಇಡಾ. ಯೋಗದವರು ಹೇಳುವ ಇಡಾ ನಾಡಿಯ ಹೆಸರೂ ಇದೇ. ಮುಂದೆ ಪುರಾಣಗಳ ಸಂಸ್ಕೃತಕ್ಕೆ ಬಂದರೆ ಇಲಾ. ಡ, ಳ, ಲ. ಅಂದರೆ ಸಂಸ್ಕೃತದಲ್ಲೇ ಮೂರು ಹೆಸರು. ನಾದಿನಿ ಹೇಳಿದ್ದು ಪುರಾಣದ ಪ್ರಕಾರ ಸರಿಯೇ. ಅವಳಿಗೆ ಎರಡನೇ ಸುತ್ತಿನ ಗುದ್ದು ಸುಮ್ನೆ ಬಿತ್ತು.

ಇನ್ನು ಕನ್ನಡದ ಕತೆ. ನಮಗೆ ಸಂಸ್ಕೃತದ ಲ ಸಿಕ್ಕರೆ ಅದನ್ನು ಳ ಮಾಡಿಕೊಳ್ಳುವ ಹಳೆಯ ಚಟ ಇದೆ. ಮಂಗಲ ನಮ್ಮಲ್ಲಿ ಮಂಗಳ. ಸರಲ ಸರಳ. ಧವಲ ಧವಳ. ಮಂಜುಲಾ ಮಂಜುಳಾ. ಹಳಗನ್ನಡದಲ್ಲಿ ಕಮಲ ಕೂಡ ಕಮಳ. ಇದಕ್ಕೆ ಒಂದು ಹೆಸರೂ ಇದೆ, ಕ್ಷಳ ಅಂತ. ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಳಕಾರಗಳನ್ನು ಬೇರೆ ಬೇರೆ ಮಾಡಿ ಹೇಳಿದ್ದಾನೆ. ಕನ್ನಡದ್ದೇ ಆದ ಳ ಕುಳ. ಸಂಸ್ಕೃತದ ಲ ತಿರುಗಿ ಆದದ್ದು ಕ್ಷಳ. ಈಗ ಬಿಟ್ಟೇ ಹೋಗಿರುವ ೞ ರಳ. ನನ್ನ ಅಮ್ಮನ ತಂಗಿ ಸರಳಾ, ದೊಡ್ಡಪ್ಪನ ಮಗಳು ಮಂಜುಳಾ ಎಲ್ಲ ಕ್ಷಳದ ಹೆಣ್ಣುಮಕ್ಕಳು ಅಂತ ಅವತ್ತು ತಿಳಿಯಿತು.

ಅಪ್ಪ ಅಷ್ಟಕ್ಕೆ ನಿಲ್ಲಿಸಲಿಲ್ಲ. ಪುರಾಣದ ಇಳೆಯ ಕತೆಯೂ ಬಂತು. ಮನುವಿಗೆ ಗಂಡು ಸಂತಾನ ಬೇಕಿತ್ತು, ಯಜ್ಞ ಮಾಡಿಸಿದ. ಅವನ ಹೆಂಡತಿ ಶ್ರದ್ಧೆಗೆ ಹೆಣ್ಣು ಬೇಕಿತ್ತು. ಅವಳು ಮೆಲ್ಲಗೆ ಹೋಗಿ ಹೋತೃವಿನ ಹತ್ತಿರ ಹೇಳಿಕೊಂಡಳು. ಅವನು ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಆಹುತಿ ಕೊಟ್ಟ. ಇಳೆ ಹುಟ್ಟಿದಳು. ಆಮೇಲೆ ವಸಿಷ್ಠರು ಅವಳನ್ನು ಗಂಡು ಮಾಡಿದರು, ಸುದ್ಯುಮ್ನ ಅಂತ ಹೆಸರು. ಅವನು ಬೇಟೆಗೆ ಹೋಗಿ ಶಿವನ ವನಕ್ಕೆ ಕಾಲಿಟ್ಟು ಮತ್ತೆ ಹೆಣ್ಣಾದ. ಕೊನೆಗೆ ಒಂದು ತಿಂಗಳು ಗಂಡು, ಒಂದು ತಿಂಗಳು ಹೆಣ್ಣು. ಬುಧನಿಂದ ಅವಳಿಗೆ ಹುಟ್ಟಿದ ಮಗ ಪುರೂರವ, ಅಲ್ಲಿಂದ ಚಂದ್ರವಂಶ. ಭಾಗವತದ ಈ ಕತೆ ನನಗೆ ಯಾಕೆ ಹಿಡಿಸಿತು ಅಂದರೆ, ಅಷ್ಟೆಲ್ಲ ಗಂಡಸರ ಯೋಜನೆಯ ನಡುವೆ ಒಬ್ಬ ತಾಯಿ ಹೋಗಿ ಹೆಣ್ಣು ಬೇಕು ಅಂದಳಲ್ಲ. ಮಾವನಿಗೆ ಮಾತ್ರ ಈ ಕತೆ ಇನ್ನೂ ಹೇಳಿಲ್ಲ. ಬಸ್ಸಿನ ಚಿಂತೆಯೇ ಸಾಕು ಅವರಿಗೆ.

ಹೆಸರು ಬಾಯಲ್ಲಿದ್ದಾಗ ಒಂದು ಥರ, ಕಾಗದಕ್ಕೆ ಇಳಿದಾಗ ಇನ್ನೊಂದು ಥರ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು ಅನ್ನುತ್ತವೆ 1969ರ ಕಾಯ್ದೆಯ ಕೆಳಗಿನ ನಿಯಮಗಳು. ಹೆಸರು ಸೇರಿಸಲು ಮಾತ್ರ ಅವಸರ ಇಲ್ಲ. ಒಂದು ವರ್ಷದವರೆಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಬಹುದು. ನಮ್ಮ ಜನನ ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುತ್ತದೆ. ಕನ್ನಡದಲ್ಲಿ ಇಳಾ. ಏನೂ ಗೊಂದಲವಿಲ್ಲ. ಇಂಗ್ಲಿಷಿನಲ್ಲಿ?

ಇವರು ಎಕ್ಸೆಲ್ ಶೀಟ್ ಮಾಡಿದರು. ನಿಜವಾಗಿಯೂ ಮಾಡಿದರು. ಐ-ಎಲ್-ಎ ಬರೆದರೆ ಇಲಾ. ಮುಂದೆ ಎರಡು ಇ ಹಾಕಿದರೆ ಈಲಾ. ಒಂದೇ ಇ ಹಾಕಿದರೆ ಎಲಾ. "ಎಲಾ ಇವಳಾ!" ಅಂತ ಕರೆದ ಹಾಗೆ. ಳ ಸ್ವಲ್ಪ ಗಟ್ಟಿಯಾಗಿ ಕೇಳಲಿ ಅಂತ ಎರಡು ಎಲ್ ಹಾಕೋಣ ಅಂದೆ. ಹಾಕಿ ಓದಿ ನೋಡಿದೆವು. ಇಲ್ಲಾ. ಹಾಜರಿ ಕೂಗುವಾಗ ಮೇಡಂ "ಇಲ್ಲಾ?" ಅನ್ನುವುದು, ಇವಳು ಎದ್ದು "ಇದೀನಿ ಮಿಸ್" ಅನ್ನುವುದು. ಆ ಸಾಲು ಅಳಿಸಿದೆವು.

ಇಂಗ್ಲಿಷಿಗೆ ಳ ಇಲ್ಲ. ಪಂಡಿತರು ಎಲ್ ಕೆಳಗೆ ಒಂದು ಚುಕ್ಕಿ ಇಡುತ್ತಾರೆ. ಆದರೆ ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇದೆಯಲ್ಲ, ಅಲ್ಲಿ ಎ ಇಂದ ಝಡ್‌ವರೆಗಿನ ಬೋಳು ಅಕ್ಷರಗಳಿಗೆ ಮಾತ್ರ ಜಾಗ. ಚುಕ್ಕಿಗೆ ವೀಸಾ ಇಲ್ಲ. ನಮ್ಮ ಊರುಗಳದ್ದೇ ಗತಿ ನೋಡಿ. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಹಾಗೆ ತಿದ್ದಿದರು. ಅದರಲ್ಲಿ ಬೆಂಗಳೂರು, ಮಂಗಳೂರು, ಚಿಕ್ಕಮಗಳೂರು, ಬೆಳಗಾವಿ, ಹುಬ್ಬಳ್ಳಿ, ಬಳ್ಳಾರಿ, ಈ ಆರರಲ್ಲಿ ಳ ಇದೆ. ಕೊನೆಗೆ ಉ ಬಂತು, ಎಷ್ಟು ಸಂತೋಷ. ಳ ಬರಲಿಲ್ಲ. ಬರುವ ದಾರಿಯೇ ಇಲ್ಲ. ರಾಜಧಾನಿಗೇ ಸಿಗದ ಅಕ್ಷರ ನನ್ನ ಮಗಳಿಗೆ ಸಿಗುತ್ತದಾ?

ಇಂಗ್ಲಿಷ್ ಕೀಲಿಯಲ್ಲಿ ಳ ಸಿಗುವುದು ಒಂದೇ ಕಡೆ, ಕನ್ನಡ ಟೈಪ್ ಮಾಡುವಾಗ. ಬರಹ ತಂತ್ರಾಂಶದಲ್ಲಿ ಚಿಕ್ಕ ಎಲ್ ಒತ್ತಿದರೆ ಲ, ದೊಡ್ಡ ಎಲ್ ಒತ್ತಿದರೆ ಳ. ನಾವು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆ ಅಂದರೆ ಇವರು ಮೆಸೇಜಿನಲ್ಲಿ ಮಗಳ ಹೆಸರು ಬರೆಯುವುದೇ ಹಾಗೆ. ಚಿಕ್ಕ ಐ, ನಡುವೆ ದೊಡ್ಡ ಎಲ್, ಮತ್ತೆ ಚಿಕ್ಕ ಎ. ನೋಡಲು ಗುಡ್ಡದ ಮೇಲಿನ ಟವರ್ ಥರ ಕಾಣುತ್ತದೆ. ಆದರೆ ಅದನ್ನು ಓದಿದರೆ ಳ ಬರುತ್ತದೆ, ನಮ್ಮಿಬ್ಬರಿಗಾದರೂ.

ಕೊನೆಗೆ ಐ-ಎಲ್-ಎ ಅಂತಲೇ ಬರೆಸಿದೆವು. ಮುಂದೆ ಒಂದು ಗುರುತಿನ ಚೀಟಿ ಮಾಡಿಸುವಾಗ ಇಂಗ್ಲಿಷಿನಲ್ಲಿ ಹೆಸರು ಹೊಡೆದ ಕೂಡಲೇ ಪಕ್ಕದಲ್ಲಿ ಕನ್ನಡ ತಾನಾಗಿ ಮೂಡಿತು. ‘ಐಲ’ ಅಂತ. ಹುಡುಗನಿಗೆ ತಿದ್ದಪ್ಪಾ ಅಂದೆ. ಅವನು ‘ಇಲಾ’ ಮಾಡಿದ, ಆಮೇಲೆ ಕೀಬೋರ್ಡಿನಲ್ಲಿ ಳ ಹುಡುಕಲು ಶುರು ಮಾಡಿದ. ಹಿಂದೆ ಕ್ಯೂ ಇತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಬ್ಬರು, "ಒಂದಕ್ಷರ ತಾನೇ ಮೇಡಂ" ಅಂದರು. ಎರಡಕ್ಷರದ ಹೆಸರಿನಲ್ಲಿ ಒಂದಕ್ಷರ ಅಂದರೆ ಅರ್ಧ ಹೆಸರು ಅಂತ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಆದರೆ ಸಿಗುವ ತನಕ ಕದಲಲೂ ಇಲ್ಲ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಗಳ ಜೊತೆ ಲಿಫ್ಟಿನಲ್ಲಿ ಒಂದು ವಾರ ಓಡಾಡಿದರೆ ಭಾರತದ ಭಾಷಾ ನಕಾಶೆ ಬರೆಯಬಹುದು. ನಾಲ್ಕನೇ ಮಹಡಿಯ ಬಂಗಾಳಿ ಮಾಶಿ ‘ಇಲಾ’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಳ ಇಲ್ಲ. ಆದರೆ ಹೆಸರು ಅವರಿಗೆ ಚೆನ್ನಾಗಿ ಗೊತ್ತು. ಮೊದಲ ದಿನವೇ, ತೇಭಾಗಾ ರೈತ ಹೋರಾಟದ ಇಲಾ ಮಿತ್ರ ಗೊತ್ತಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ, ಮನೆಗೆ ಬಂದು ಓದಿದೆ. ಗುಜರಾತಿ ಬೆನ್ ಕೂಡ ‘ಇಲಾ’. ಅವರ ಭಾಷೆಯಲ್ಲಿ ಳ ಇದೆ, ಆದರೆ ಈ ಹೆಸರಿನಲ್ಲಿ ಇಲ್ಲ. ಅಹಮದಾಬಾದಿನಲ್ಲಿ 1972ರಲ್ಲಿ ‘ಸೇವಾ’ ಅನ್ನುವ ದುಡಿಯುವ ಹೆಂಗಸರ ಸಂಘಟನೆ ಕಟ್ಟಿದ ಇಲಾ ಭಟ್ ಅವರ ಹೆಸರೇ ಇದು ಅಂತ ಅವರಿಗೆ ಹೆಮ್ಮೆ. ಇಲಾ ಭಟ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಇ-ಎಲ್-ಎ ಅಂತ ಬರೆಯುತ್ತಿದ್ದರು. ನಮ್ಮ ಎಕ್ಸೆಲ್ ಶೀಟಿನ ‘ಎಲಾ’ ಸಾಲು ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು.

ಎಲ್ಲರಿಗಿಂತ ಚೆನ್ನಾಗಿ ಳ ಹೇಳುವುದು ತಮಿಳಿನ ಪಾಟಿ. ಆದರೆ ಅರ್ಥ ಬೇರೆ. ತಮಿಳಿನಲ್ಲಿ ‘ಇಳ’ ಅಂದರೆ ಎಳೆಯದು. ಇಳಯರಾಜ ಅವರ ಹೆಸರಿನ ಇಳ. ನಮ್ಮ ಎಳೆ, ಅವರ ಇಳ, ಒಂದೇ ಬಳ್ಳಿಯವು. ಅವರ ಪಾಲಿಗೆ ನನ್ನ ಮಗಳು ಭೂಮಿಯಲ್ಲ, ಎಳೆಗರು. ನಾನು ತಿದ್ದಲಿಲ್ಲ. ಉಚ್ಚಾರ ಸರಿ ಇದ್ದು ಅರ್ಥ ಬದಲಾದರೆ ಯಾವ ಲೆಕ್ಕಕ್ಕೆ ಹಾಕೋದು ಅಂತಲೂ ತಿಳಿಯಲಿಲ್ಲ.

ನಾದಿನಿಯ ಊರಿನಲ್ಲಿ ಅವಳ ಮಕ್ಕಳ ಗೆಳೆಯರು ವಿಡಿಯೋ ಕಾಲಿನಲ್ಲಿ ಇವಳನ್ನು ‘ಐಲಾ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಐಲಾ ಅಂತಲೇ ಒಂದು ಹೆಸರಿದೆ. ಅದರ ಸ್ಪೆಲ್ಲಿಂಗಿನಲ್ಲಿ ನಡುವೆ ಒಂದು ಎಸ್ ಇರುತ್ತದೆ, ಅದನ್ನು ಯಾರೂ ಉಚ್ಚರಿಸುವುದಿಲ್ಲ. ಬರೆದದ್ದೊಂದು ಓದುವುದೊಂದು ಅನ್ನುವುದರಲ್ಲಿ ಅವರು ನಮಗಿಂತ ಮುಂದೆ. ಅಪ್ಪನಿಗೆ ಇದನ್ನು ದೂರು ಹೇಳಿದೆ. ಅಪ್ಪ ಖುಷಿಯಾಗಿ, "ಇಳೆಯ ಮಗ ಪುರೂರವಗ ಐಲ ಅಂತಾರ. ನಿನ್ನ ಮೊಮ್ಮಗನ ಹೆಸರು ಈಗs ಕರೀಲಿಕ್ಕತ್ತಾರ ಬಿಡು" ಅಂದರು. ಈ ಮನುಷ್ಯನ ಹತ್ತಿರ ದೂರು ಹೇಳಿ ಪ್ರಯೋಜನವಿಲ್ಲ.

ಹಾಗಾದರೆ ತಿದ್ದಬೇಕೋ ಬೇಡವೋ? ಮೊದಮೊದಲು ಎಲ್ಲರನ್ನೂ ತಿದ್ದುತ್ತಿದ್ದೆ. ಪಾರ್ಕಿನಲ್ಲಿ, ಅಂಗಡಿಯಲ್ಲಿ, ಆಫೀಸಿನ ಮೀಟಿಂಗಿನಲ್ಲಿ. ನಾಲಿಗೆ ಮಡಚಿ ತೋರಿಸುತ್ತಿದ್ದೆ. ಅವರು ಪ್ರಯತ್ನಪಟ್ಟು ‘ಇರಾ’, ‘ಇಡಾ’ ಅನ್ನುತ್ತಿದ್ದರು. ಇಡಾ ಅಂದವರು ಯಜುರ್ವೇದಕ್ಕೆ ಹೋದರು ಅಂತ ನನಗೊಬ್ಬಳಿಗೇ ನಗು ಬರುತ್ತಿತ್ತು. ಆಮೇಲೆ ಬಿಟ್ಟುಬಿಟ್ಟೆ. ನಾಲಿಗೆಯಲ್ಲಿ ಇಲ್ಲದ ಅಕ್ಷರವನ್ನು ಪಾರ್ಕಿನ ಬೆಂಚಿನ ಮೇಲೆ ಕೂತು ಕಲಿಸಲು ಆಗುವುದಿಲ್ಲ. ನಾನೇನು ಮಲಯಾಳಿ ಗೆಳತಿಯ ಊರಿನ ಹೆಸರು ಸರಿಯಾಗಿ ಹೇಳುತ್ತೇನಾ?

ಆದರೆ ಕನ್ನಡದವರೇ ಇಲಾ ಅಂದರೆ ಮಾತ್ರ ನನಗೆ ಈಗಲೂ ಉರಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೇ ‘ಬೆಲಗ್ಗೆ’, ‘ಮಲೆ’ ಅನ್ನುತ್ತಾರೆ. ಮಳೆ ಬಂತು ಅನ್ನುವುದು ಬೆಟ್ಟ ಬಂತು ಅಂತ ಆಗುತ್ತದೆ. ಹುಳಿ ಬಡಿಸಿ ಅಂದರೆ ಹುಲಿ ಬಡಿಸಬೇಕು. ಹಳ್ಳಿಗೆ ಹೋದೆ ಅಂದರೆ ಹಲ್ಲಿಗೆ ಹೋದೆ. ಈ ಅಕ್ಷರ ಇಲ್ಲದಿದ್ದರೆ ನಮ್ಮ ಭಾಷೆಯಲ್ಲಿ ಅನರ್ಥ ಆಗುತ್ತದೆ, ಬರೀ ಸೊಗಸಿನ ಪ್ರಶ್ನೆ ಅಲ್ಲ. ಹಾಗಾಗಿ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ, ನನ್ನ ಜೊತೆಗೇ. ಬಂಗಾಳಿ ಮಾಶಿಗೆ ಇಲಾ ನಡೆಯುತ್ತದೆ. ಪ್ಲೇ ಹೋಮಿನ ಕನ್ನಡದ ಮಿಸ್‌ಗೆ ನಡೆಯುವುದಿಲ್ಲ. ಅವರಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಅವರು, "ಇಂಗ್ಲಿಷಲ್ಲಿ ಹಾಗೇ ಇದೆಯಲ್ಲ" ಅಂದರು. "ನಿಮ್ಮ ಊರು ಯಾವುದು?" ಅಂತ ಕೇಳಿದೆ. "ಬಳ್ಳಾರಿ" ಅಂದರು, ಇಷ್ಟು ದೊಡ್ಡ ಳ ಹಾಕಿ. ಇಬ್ಬರೂ ನಕ್ಕೆವು. ಅವತ್ತಿನಿಂದ ಅವರ ಬಾಯಲ್ಲಿ ಇಳಾ.

ಅಮೆರಿಕದ ಕಮಲಾ ಹ್ಯಾರಿಸ್ ಹೆಸರಿನ ಗಲಾಟೆ ನೆನಪಿರಬಹುದು. ಇಂಗ್ಲಿಷಿನ ಕಾಮಾ ಚಿಹ್ನೆ ಇದೆಯಲ್ಲ, ಅದಕ್ಕೆ ಲಾ ಸೇರಿಸಿ ಅಂತ ಅವರೇ ಜನರಿಗೆ ಹೇಳಿಕೊಟ್ಟರು. ನಮ್ಮ ಕಿವಿಗೆ ಅದು ‘ಕಾಮಲಾ’ ಅಂತಲೇ ಕೇಳುತ್ತದೆ. ನಮ್ಮ ಕಮಲಾ ದೊಡ್ಡಮ್ಮ ಅದನ್ನು ಕೇಳಿದ್ದರೆ ತಿದ್ದಲು ಹೋಗುತ್ತಿದ್ದಳು. ಆದರೆ ಹೆಸರಿನ ಒಡತಿಯೇ ಹಾಗೆ ಹೇಳುವಾಗ ತಿದ್ದಲು ನಾವ್ಯಾರು? ನಾಳೆ ನನ್ನ ಮಗಳೂ ಎಲ್ಲೋ ಹೋಗಿ ‘ನಾನು ಐಲಾ’ ಅಂದರೆ? ಈ ಯೋಚನೆ ಬಂದಾಗ ನೋಟ್‌ಬುಕ್ಕಿನಲ್ಲಿ ಹೊಡೆದು ಹಾಕಿದ ಹೆಸರುಗಳೆಲ್ಲ ನೆನಪಾಗುತ್ತವೆ. ಆಮೇಲೆ ಮರೆಯುತ್ತೇನೆ. ಅನ್ನ ಇಡಬೇಕಿರುತ್ತದೆ, ಬಟ್ಟೆ ಒಣಗಿರುತ್ತದೆ.

ಹೋದ ತಿಂಗಳು ಮಾವ ಮಂಡ್ಯದಿಂದ ಬರುವಾಗ ಗೋಡೆಗೆ ತೂಗುಹಾಕುವ ಅಕ್ಷರಮಾಲೆಯ ಚಾರ್ಟ್ ತಂದರು. ಮಗಳ ಹೆಸರಿನ ಮೊದಲ ಅಕ್ಷರ ಸಿಗಲು ಹೊತ್ತು ಹಿಡಿಯುವುದಿಲ್ಲ. ಅ, ಆ, ಇ, ಮೂರನೆಯದು. ಎರಡನೆಯದಕ್ಕೆ ಮಾತ್ರ ಚಾರ್ಟಿನ ತುದಿಯವರೆಗೆ ಹೋಗಬೇಕು. ಕ, ಚ, ಟ, ತ, ಪ ಎಲ್ಲ ದಾಟಿ, ಯ ರ ಲ ವ ದಾಟಿ, ಹ ಆದ ಮೇಲೆ ಕಟ್ಟಕಡೆಯ ಮನೆಯಲ್ಲಿ ಳ ಕೂತಿರುತ್ತದೆ. 49ನೆಯದು. ಅದರಿಂದ ಶುರುವಾಗುವ ಪದವೇ ಕನ್ನಡದಲ್ಲಿ ಇಲ್ಲ. ಅದಕ್ಕೇ ಚಾರ್ಟಿನವರು ಬಳೆಯ ಚಿತ್ರ ಹಾಕಿ ಕೈತೊಳೆದುಕೊಂಡಿದ್ದಾರೆ.

ಮಾವ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ತೋರಿಸುತ್ತಿದ್ದರು. "ಇದು ನಿನ್ ಅಕ್ಸರ ಕಣವ್ವ. ಏನೇಳು?"

"ಯ" ಅಂದಳು.

"ಯ ಅಲ್ಲ ಕಣವ್ವ. ಳ."

"ಅದೇ ತಾತ. ಯ."

ಮೂರು ವರ್ಷದ ನಾಲಿಗೆ ಇನ್ನೂ ಅಷ್ಟು ಹಿಂದಕ್ಕೆ ಮಡಚುವುದಿಲ್ಲ. ಹಾಲು ಸರಿಯಾಗಿ ಬರುತ್ತದೆ, ಬಾಳೆಹಣ್ಣು ಬಾಯೆಹಣ್ಣು ಆಗುತ್ತದೆ. ನಾನು ಅಡುಗೆಮನೆಯಿಂದ ನಗುತ್ತಾ, ಅವಳು ಹೇಳುವ ಹಾಗೇ ಕರೆದೆ. "ಬಾ ಇಲ್ಲಿ, ಇಯಾ."

ಅವಳು ತಾತನ ಕಂಕುಳಿಂದ ಜಾರಿ ಇಳಿದಳು. ಸೊಂಟಕ್ಕೆ ಕೈ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಮುಖ ಸಿಟ್ಟಿಗೆ ಕೆಂಪಾಗಿತ್ತು.

"ಇಯಾ ಅಲ್ಲ ಅಮ್ಮಾ," ಅಂದಳು. "ಇಯಾ!"